ನಂಬಿ ಹೇಳುತ್ತಾರೋ, ಗುಂಪು ಮೆಚ್ಚಲೆಂದು ಹೇಳುತ್ತಾರೋ?

ಅಮೆರಿಕದ ಟಿ.ವಿ., ರೇಡಿಯೊ, ಪತ್ರಿಕೆ, ಪಾಡ್‌ಕಾಸ್ಟ್‌ಗಳಲ್ಲಿ ವರ್ಣಭೇದದ ಬಗ್ಗೆ ಮಾತನಾಡುವ ಕನ್ಸರ್ವೇಟಿವ್, ಅಂದರೆ ಬಲಪಂಥೀಯ ವ್ಯಾಖ್ಯಾನಕಾರರ ಕುರಿತು ಬಂದ ಪ್ರಶ್ನೆಗಳಿಗೆ ಈ ಸಲದ ಅಂಕಣ ಮೀಸಲು. ಒಂದೇ ಧಾಟಿಯ ಪತ್ರಗಳನ್ನು ಸೇರಿಸಿ ಒಂದು ಪ್ರಶ್ನೆ ಮಾಡಿದ್ದೇವೆ.

ಪ್ರಶ್ನೆ: “ಅಮೆರಿಕದಲ್ಲಿ ವರ್ಣಭೇದ ಈಗ ದೊಡ್ಡ ಸಮಸ್ಯೆಯೇ ಅಲ್ಲ” ಎಂದು ದಿನವೂ ಹೇಳುವವರು ಅದನ್ನು ನಿಜಕ್ಕೂ ನಂಬುತ್ತಾರಾ? ಅಥವಾ ಇದೆಲ್ಲ ದುಡ್ಡಿಗಾಗಿ, ವೋಟಿಗಾಗಿ ಆಡುವ ಮಾತೇ?

ಬಹುಪಾಲು ಮಂದಿ ನಂಬಿಯೇ ಹೇಳುತ್ತಾರೆ ಎಂಬುದು ನಮ್ಮ ಅಭಿಪ್ರಾಯ. ಆದರೆ ಏನನ್ನು ನಂಬುತ್ತಾರೆ ಎಂದು ಬಿಡಿಸಿ ನೋಡದಿದ್ದರೆ ಈ ಉತ್ತರದಿಂದ ಏನೂ ಪ್ರಯೋಜನವಿಲ್ಲ.

ಮೊದಲ ತೊಡಕು ಪದದಲ್ಲೇ ಇದೆ. ವರ್ಣಭೇದ ಎಂದರೆ ಒಬ್ಬ ಮನುಷ್ಯ ಇನ್ನೊಬ್ಬನನ್ನು ಬಣ್ಣ ನೋಡಿ ಬೇಕೆಂದೇ ಕೀಳಾಗಿ ಕಾಣುವುದು, ಇದು ಕನ್ಸರ್ವೇಟಿವ್ ವಲಯದಲ್ಲಿ ನಡೆಯುವ ಅರ್ಥ. ಯಾರ ಮನಸ್ಸಿನಲ್ಲೂ ದ್ವೇಷವಿಲ್ಲದಿದ್ದರೂ ಹಳೆಯ ಕಾನೂನು, ಸಾಲದ ನಿಯಮ, ಶಾಲೆಯ ಗಡಿಗಳಿಂದಾಗಿ ಒಂದು ಜನಾಂಗಕ್ಕೆ ಸತತವಾಗಿ ಪೆಟ್ಟು ಬೀಳುತ್ತಿದ್ದರೆ ಅದೂ ವರ್ಣಭೇದವೇ, ಇದು ಲಿಬರಲ್, ಅಂದರೆ ಎಡಕ್ಕೆ ಒಲಿದ ವಲಯದ ಅರ್ಥ. ಅಮೆರಿಕದ ಕೇಂದ್ರ ಬ್ಯಾಂಕಾದ ಫೆಡರಲ್ ರಿಸರ್ವ್ 2022ರಲ್ಲಿ ನಡೆಸಿದ ಸಮೀಕ್ಷೆಯ ಪ್ರಕಾರ ಬಿಳಿಯರ ಕುಟುಂಬವೊಂದರ ಮಧ್ಯಮ ಸಂಪತ್ತು (ಕುಟುಂಬಗಳನ್ನು ಸಂಪತ್ತಿನ ಕ್ರಮದಲ್ಲಿ ನಿಲ್ಲಿಸಿದರೆ ನಟ್ಟನಡುವಿನದರದ್ದು) 2,85,000 ಡಾಲರ್, ಕಪ್ಪು ವರ್ಣೀಯರ ಕುಟುಂಬದ್ದು 44,900 ಡಾಲರ್. 1934ರಲ್ಲಿ ಹುಟ್ಟಿದ ಫೆಡರಲ್ ವಸತಿ ಆಡಳಿತ ಕಪ್ಪು ವರ್ಣೀಯರ ಬಡಾವಣೆಗಳ ಮನೆಸಾಲಕ್ಕೆ ಖಾತರಿ ಕೊಡದೇ ಹೋಯಿತು, ವಸತಿಯಲ್ಲಿ ತಾರತಮ್ಯವನ್ನು ನಿಷೇಧಿಸುವ ಫೆಡರಲ್ ಕಾನೂನು ಬಂದದ್ದೇ 1968ರಲ್ಲಿ, ಅಷ್ಟರಲ್ಲಿ ಒಂದು ತಲೆಮಾರು ಆಸ್ತಿ ಕಟ್ಟಿಕೊಳ್ಳುವ ಅವಕಾಶ ಕಳೆದುಕೊಂಡಿತ್ತು ಎಂದು ಒಬ್ಬರು ಈ ಅಂಕಿಯನ್ನು ಓದುತ್ತಾರೆ. “ಇವತ್ತು ಯಾವ ಬ್ಯಾಂಕು, ಯಾವ ಅಧಿಕಾರಿ ತಾರತಮ್ಯ ಮಾಡುತ್ತಿದ್ದಾನೆ, ತೋರಿಸಿ” ಎಂದು ಇನ್ನೊಬ್ಬರು ಕೇಳುತ್ತಾರೆ. ಇಬ್ಬರೂ ಎದೆ ಮುಟ್ಟಿಕೊಂಡೇ ಮಾತನಾಡುತ್ತಿರಬಹುದು. ಒಂದೇ ಪದದ ಕೆಳಗೆ ಎರಡು ಬೇರೆ ವಿಷಯಗಳ ಬಗ್ಗೆ ಮಾತನಾಡುತ್ತಿದ್ದಾರೆ, ಅಷ್ಟೆ.

ಎರಡನೆಯದಾಗಿ, ಒಬ್ಬ ವ್ಯಾಖ್ಯಾನಕಾರನ ಮಾತಿನಲ್ಲಿ ಮೂರು ಪದರಗಳಿರುತ್ತವೆ. ತಳದಲ್ಲಿ ಒಂದು ತತ್ವ: ಸರ್ಕಾರ ಯಾರ ಬಣ್ಣವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬಾರದು. ಅದರ ಮೇಲೆ ವಾಸ್ತವದ ಬಗ್ಗೆ ಒಂದು ಹೇಳಿಕೆ: ಈಗ ಉಳಿದಿರುವ ತಾರತಮ್ಯ ಅಲ್ಪ. ಎಲ್ಲಕ್ಕಿಂತ ಮೇಲೆ ಆಯ್ಕೆ: ಇವತ್ತಿನ ಕಾರ್ಯಕ್ರಮಕ್ಕೆ ಯಾವ ಘಟನೆ, ಯಾವ ವಿಡಿಯೊ, ಯಾರ ಮುಖ. ತತ್ವದ ಮಟ್ಟದಲ್ಲಿ ಕಪಟ ಕಡಿಮೆ. ಅಪ್ರಾಮಾಣಿಕತೆ ನುಸುಳುವುದು ಹೆಚ್ಚಾಗಿ ಆಯ್ಕೆಯ ಮಟ್ಟದಲ್ಲಿ. ವಿವಾದಿತ ವಿಷಯಗಳನ್ನು ಪ್ರಸಾರ ಮಾಡುವಾಗ ಎರಡೂ ಬದಿಗೆ ನ್ಯಾಯವಾಗಿ ಅವಕಾಶ ಕೊಡಬೇಕೆಂಬ ನಿಯಮವನ್ನು ಅಮೆರಿಕದ ಪ್ರಸಾರ ನಿಯಂತ್ರಣ ಆಯೋಗ 1987ರಲ್ಲಿ ಕೈಬಿಟ್ಟಿತು. ಮರುವರ್ಷವೇ ಕನ್ಸರ್ವೇಟಿವ್ ನಿರೂಪಕ ರಷ್ ಲಿಂಬಾ ಅವರ ರೇಡಿಯೊ ಕಾರ್ಯಕ್ರಮ ದೇಶದ ಉದ್ದಗಲಕ್ಕೂ ಹಬ್ಬಿತು, 1996ರ ಅಕ್ಟೋಬರ್‌ನಲ್ಲಿ ಅದೇ ಒಲವಿನ ಫಾಕ್ಸ್ ನ್ಯೂಸ್ ಚಾನೆಲ್ ಶುರುವಾಯಿತು. ಕೇಬಲ್ ಟಿ.ವಿ. ನಿರ್ಮಾಪಕರ ಮೇಜಿನ ಮೇಲೆ ಯಾವ ನಿಮಿಷದಲ್ಲಿ ಎಷ್ಟು ಜನ ಉಳಿದರು, ಎಷ್ಟು ಜನ ಚಾನೆಲ್ ಬದಲಿಸಿದರು ಎಂಬ ಲೆಕ್ಕ ಬಂದು ಬೀಳುತ್ತದೆ. ಸಿಟ್ಟು ಬರಿಸುವ ಪ್ರಸಂಗ ಜನರನ್ನು ಹಿಡಿದು ಕೂರಿಸುತ್ತದೆ, ಸಂಪತ್ತಿನ ಅಂತರದ ನಕ್ಷೆ ಕೂರಿಸುವುದಿಲ್ಲ. ಹೀಗೆ, ಸುಳ್ಳು ಎಂದು ಗೊತ್ತಿರುವ ಒಂದು ಮಾತನ್ನೂ ಆಡದೆ ಇಡೀ ವರ್ಷ ಒಂದೇ ಬಗೆಯ ಚಿತ್ರ ಬಿಡಿಸಬಹುದು. ಬಿಡಿಸುವವರು ಕೊನೆಗೆ ಆ ಚಿತ್ರವನ್ನೇ ಲೋಕವೆಂದು ನಂಬಿಬಿಡುತ್ತಾರೆ.

ಪ್ರಶ್ನೆ: ಮನಸ್ಸಿನೊಳಗೆ ಇಣುಕಿ ನೋಡುವಂತಿಲ್ಲ. ಹಾಗಾದರೆ ಪ್ರಾಮಾಣಿಕತೆಯನ್ನು ಪರೀಕ್ಷಿಸುವುದು ಹೇಗೆ? ಹಂತ ಹಂತವಾಗಿ ತಿಳಿಸಿ.

ಒಂದು ಕ್ಲಿಪ್ ನೋಡಿ ತೀರ್ಮಾನಿಸುವ ಅಭ್ಯಾಸವನ್ನು ಮೊದಲು ಬಿಡಬೇಕು. ಒಬ್ಬರನ್ನೇ ಆರಿಸಿಕೊಳ್ಳಿ. ಅವರ ಹತ್ತು ಹದಿನೈದು ಬರಹ ಅಥವಾ ಕಾರ್ಯಕ್ರಮಗಳ ಲಿಖಿತ ಪಠ್ಯ ತೆಗೆದುಕೊಳ್ಳಿ. ಅವು ಒಂದೇ ತಿಂಗಳಿನವಾಗಿರದೆ ಹಲವು ವರ್ಷಗಳಲ್ಲಿ ಹರಡಿರಬೇಕು, ಒಂದೆರಡು ಚುನಾವಣೆಗಳ ಹಿಂದಿನವೂ ಮುಂದಿನವೂ ಅದರಲ್ಲಿರಬೇಕು.

ಅವರು ಆಧಾರವಾಗಿ ಕೊಡುವ ಅಧ್ಯಯನವನ್ನು ಪೂರ್ತಿ ಹೇಳುತ್ತಾರೋ, ಬೇಕಾದ ಅರ್ಧ ಮಾತ್ರವೋ ಎಂದು ಮೊದಲು ನೋಡಿ. ಇದಕ್ಕಿಂತ ಒಳ್ಳೆಯ ಒರೆಗಲ್ಲು ಇನ್ನೊಂದಿಲ್ಲ. ಹಾರ್ವರ್ಡ್‌ನ ಅರ್ಥಶಾಸ್ತ್ರಜ್ಞ ರೋಲಂಡ್ ಫ್ರೈಯರ್ 2016ರಲ್ಲಿ ಪೊಲೀಸ್ ಬಲಪ್ರಯೋಗದ ಬಗ್ಗೆ ಒಂದು ಅಧ್ಯಯನ ಹೊರತಂದರು. ಅದರಲ್ಲಿ ಎರಡು ಫಲಿತಾಂಶಗಳಿವೆ. ಹ್ಯೂಸ್ಟನ್ ನಗರದ ದಾಖಲೆಗಳಲ್ಲಿ, ಪೊಲೀಸರು ಗುಂಡು ಹಾರಿಸಿದ ಪ್ರಕರಣಗಳಲ್ಲಿ ಜನಾಂಗದ ವ್ಯತ್ಯಾಸ ಕಾಣಲಿಲ್ಲ ಎಂಬುದು ಒಂದು. ತಳ್ಳುವುದು, ಗೋಡೆಗೆ ಒತ್ತುವುದು, ಕೈಕೋಳ ಹಾಕುವುದು ಮುಂತಾದ ಕೆಳಮಟ್ಟದ ಬಲಪ್ರಯೋಗಕ್ಕೆ ಕಪ್ಪು ವರ್ಣೀಯರು ಮತ್ತು ಹಿಸ್ಪಾನಿಕರು (ಲ್ಯಾಟಿನ್ ಅಮೆರಿಕ ಮೂಲದವರು) ಗುರಿಯಾಗುವ ಸಂಭವ ಬಿಳಿಯರಿಗಿಂತ ಶೇ 50ಕ್ಕೂ ಮಿಗಿಲಾಗಿ ಹೆಚ್ಚು, ಸಂದರ್ಭದ ವಿವರಗಳನ್ನು ಲೆಕ್ಕಕ್ಕೆ ಹಿಡಿದರೆ ಈ ಅಂತರ ಕುಗ್ಗುತ್ತದಾದರೂ ಮಾಯವಾಗುವುದಿಲ್ಲ ಎಂಬುದು ಇನ್ನೊಂದು. ಮೊದಲನೆಯದನ್ನು ಮಾತ್ರ ಎತ್ತಿ “ಪೊಲೀಸರಲ್ಲಿ ವರ್ಣಭೇದವಿಲ್ಲವೆಂದು ಹಾರ್ವರ್ಡ್ ಸಾಬೀತು ಮಾಡಿದೆ” ಎನ್ನುವವರು ಬೇಕಾದಷ್ಟಿದ್ದಾರೆ. ತಮ್ಮ ಕೆಲಸವನ್ನು ಹೀಗೆ ಬಳಸುವವರು ಉಳಿದ ಅಂಕಿಗಳನ್ನು ಅನುಕೂಲಕ್ಕೆ ತಕ್ಕಂತೆ ಮರೆಯುತ್ತಾರೆ ಎಂಬ ಅರ್ಥದಲ್ಲಿ ಫ್ರೈಯರ್ 2020ರಲ್ಲಿ ಸ್ವತಃ ಬರೆದರು. ಅದಾದ ಮೇಲೂ ಅರ್ಧವನ್ನೇ ಹೇಳುತ್ತಿರುವವರ ವಿಷಯದಲ್ಲಿ “ಗೊತ್ತಿರಲಿಲ್ಲ” ಎಂಬ ರಿಯಾಯಿತಿ ಕೊಡುವುದು ಕಷ್ಟ. ಹ್ಯೂಸ್ಟನ್ ಒಂದು ನಗರ, ದಾಖಲೆ ಬರೆದವರು ಪೊಲೀಸರೇ ಎಂಬ ಆಕ್ಷೇಪಗಳೂ ಆ ಅಧ್ಯಯನದ ಮೇಲಿವೆ. ಅವನ್ನೂ ಹೇಳಿ ಆಮೇಲೆ ವಾದಿಸುವ ಕನ್ಸರ್ವೇಟಿವ್ ಲೇಖಕರಿದ್ದಾರೆ. ಅಂಥವರನ್ನು ಗುರುತು ಹಾಕಿಟ್ಟುಕೊಳ್ಳಿ.

ಇತಿಹಾಸದ ವಿಷಯದಲ್ಲೂ ಇದೇ ಪರೀಕ್ಷೆ ನಡೆಯುತ್ತದೆ. ಬಣ್ಣ ನೋಡಿ ಮಾಡುವ ತಾರತಮ್ಯವನ್ನು ನಿಷೇಧಿಸಿದ “1964ರ ನಾಗರಿಕ ಹಕ್ಕುಗಳ ಕಾನೂನಿಗೆ ಹೆಚ್ಚು ಬೆಂಬಲ ಕೊಟ್ಟದ್ದು ರಿಪಬ್ಲಿಕನ್ನರೇ” (ಇಂದಿನ ಕನ್ಸರ್ವೇಟಿವರ ಪಕ್ಷದವರೇ) ಎಂಬ ಮಾತನ್ನು ನೀವು ಕೇಳಿರುತ್ತೀರಿ. ಲೆಕ್ಕ ನಿಜ. ಆ ವರ್ಷದ ಫೆಬ್ರವರಿಯಲ್ಲಿ ಕೆಳಮನೆಯಲ್ಲಿ ನಡೆದ ಮತದಾನದಲ್ಲಿ ರಿಪಬ್ಲಿಕನ್ನರು ಪರ 138, ವಿರುದ್ಧ 34 (138–34), ಅಂದರೆ ಶೇ 80ರ ಬೆಂಬಲ. ಡೆಮಾಕ್ರಾಟರು 152–96, ಶೇ 61. ಈಗ ಅದನ್ನೇ ಪ್ರದೇಶವಾರು ಒಡೆಯಿರಿ. ಉತ್ತರದ ಡೆಮಾಕ್ರಾಟರು 145–9, ಉತ್ತರದ ರಿಪಬ್ಲಿಕನ್ನರು 138–24. ದಕ್ಷಿಣದ ಡೆಮಾಕ್ರಾಟರು 7–87, ದಕ್ಷಿಣದ ರಿಪಬ್ಲಿಕನ್ನರು 0–10. ಉತ್ತರದಲ್ಲೂ ದಕ್ಷಿಣದಲ್ಲೂ ಡೆಮಾಕ್ರಾಟರ ಬೆಂಬಲದ ಪ್ರಮಾಣವೇ ಹೆಚ್ಚು. ಒಟ್ಟು ಲೆಕ್ಕ ತಿರುಗುಮುರುಗಾಗಿ ಕಾಣುವುದು ದಕ್ಷಿಣದ ಸದಸ್ಯರಲ್ಲಿ ಹೆಚ್ಚಿನವರು ಆಗ ಡೆಮಾಕ್ರಾಟರಾಗಿದ್ದುದರಿಂದ. ಕಾನೂನಿಗೆ ವಿರುದ್ಧ ಮತ ಹಾಕಿದ ಬ್ಯಾರಿ ಗೋಲ್ಡ್‌ವಾಟರ್ ಅದೇ ವರ್ಷ ರಿಪಬ್ಲಿಕನ್ ಪಕ್ಷದ ಅಧ್ಯಕ್ಷೀಯ ಅಭ್ಯರ್ಥಿಯಾಗಿ ಗೆದ್ದ ಆರು ರಾಜ್ಯಗಳಲ್ಲಿ ಸ್ವಂತ ಅರಿಜೋನಾ ಬಿಟ್ಟರೆ ಉಳಿದ ಐದೂ ‘ಡೀಪ್ ಸೌತ್’ ಎನ್ನಿಸಿಕೊಳ್ಳುವ ದಕ್ಷಿಣದ ರಾಜ್ಯಗಳು. ಮೊದಲ ಅಂಕಿ ಹೇಳಿ ಎರಡನೆಯದನ್ನು ಮುಚ್ಚಿಡುವವರನ್ನು ಒಮ್ಮೆ ಪ್ರಶ್ನಿಸಿ ನೋಡಿ. ಗೊತ್ತಿಲ್ಲದೆ ಹೇಳಿದವರು ಮುಂದಿನ ಸಲ ಮಾತು ತಿದ್ದಿಕೊಳ್ಳುತ್ತಾರೆ.

ಎರಡನೆಯ ಪರೀಕ್ಷೆ, ಪಾತ್ರಗಳನ್ನು ಅದಲುಬದಲು ಮಾಡುವುದು. ವಿಶ್ವವಿದ್ಯಾಲಯದ ಪ್ರವೇಶದಲ್ಲಿ ಬಣ್ಣ ನೋಡಬಾರದು ಎನ್ನುವವರು, ಪೊಲೀಸರು ರಸ್ತೆಯಲ್ಲಿ ಯಾರ ಕಾರು ನಿಲ್ಲಿಸಬೇಕೆಂದು ಬಣ್ಣ ನೋಡಿ ನಿರ್ಧರಿಸಿದಾಗ ಏನು ಬರೆದರು? ಹಳೆಯ ವಿದ್ಯಾರ್ಥಿಗಳ ಮಕ್ಕಳಿಗೆ ಕೊಡುವ ಪ್ರವೇಶದ ಆದ್ಯತೆಯ ಬಗ್ಗೆ ಏನೆನ್ನುತ್ತಾರೆ? ಎಲ್ಲ ಕಡೆಯೂ ಒಂದೇ ಮಾತಾದರೆ ತತ್ವ ಗಟ್ಟಿ. ಒಂದು ಕಡೆ ಗುಡುಗಿ ಇನ್ನೊಂದು ಕಡೆ ಮೌನವಾದರೆ ಅಲ್ಲಿ ಕೆಲಸ ಮಾಡುತ್ತಿರುವುದು ಪಕ್ಷಪಾತ.

ಮೂರನೆಯದು ಬೆಲೆಯ ಪರೀಕ್ಷೆ. ತಮ್ಮದೇ ಓದುಗರು ಸಿಟ್ಟಾಗುವಂಥ ಮಾತನ್ನು ಎಂದಾದರೂ ಆಡಿದ್ದಾರಾ? 2002ರ ಡಿಸೆಂಬರ್ 5ರಂದು ಸೆನೆಟರ್ ಸ್ಟ್ರಾಮ್ ಥರ್ಮಂಡ್ ಅವರ ನೂರನೆಯ ಹುಟ್ಟುಹಬ್ಬದ ಸಮಾರಂಭದಲ್ಲಿ ಸೆನೆಟ್‌ನ ರಿಪಬ್ಲಿಕನ್ ನಾಯಕ ಟ್ರೆಂಟ್ ಲಾಟ್, 1948ರಲ್ಲಿ ಥರ್ಮಂಡ್ ಅಧ್ಯಕ್ಷರಾಗಿ ಗೆದ್ದಿದ್ದರೆ ದೇಶಕ್ಕೆ ಈ ತೊಂದರೆಗಳೆಲ್ಲ ಬರುತ್ತಿರಲಿಲ್ಲ ಎಂದರು. ಥರ್ಮಂಡ್ ಆ ವರ್ಷ ನಿಂತದ್ದು ಬಿಳಿಯರನ್ನೂ ಕಪ್ಪು ವರ್ಣೀಯರನ್ನೂ ಪ್ರತ್ಯೇಕವಾಗಿಡುವ ನೀತಿಯ ಮೇಲೆ. ಲಾಟ್ ಇಳಿಯಬೇಕೆಂದು ಖಡಾಖಂಡಿತವಾಗಿ ಬರೆದವರಲ್ಲಿ ಕನ್ಸರ್ವೇಟಿವ್ ಅಂಕಣಕಾರ ಚಾರ್ಲ್ಸ್ ಕ್ರೌಥ್ಯಾಮರ್ ಒಬ್ಬರು. ಡಿಸೆಂಬರ್ 20ಕ್ಕೆ ಲಾಟ್ ನಾಯಕ ಸ್ಥಾನ ಬಿಟ್ಟರು. ತಮ್ಮ ಪಾಳೆಯದ ಬಹುದೊಡ್ಡ ನಾಯಕನ ಮೇಲೆ, ಅಧಿಕಾರ ಕೈಗೆ ಬರುತ್ತಿದ್ದ ಹೊತ್ತಿನಲ್ಲೇ ಲೇಖನಿ ಎತ್ತಿದವರ ನಂಬಿಕೆಯನ್ನು ಸುಲಭಕ್ಕೆ ತಳ್ಳಿಹಾಕುವಂತಿಲ್ಲ.

ನಾಲ್ಕನೆಯದು, ಒಳಗೊಂದು ಹೊರಗೊಂದು ಇದೆಯೇ ಎಂಬುದು. ಇದು ನಮ್ಮ ಕೈಗೆ ಸಿಗುವುದು ಅಪರೂಪ. ನ್ಯಾಯಾಲಯದ ದಾಖಲೆ, ಸೋರಿಕೆಯಾದ ಸಂದೇಶ, ಹಳೆಯ ಧ್ವನಿಮುದ್ರಣ ಹೊರಬಂದಾಗ ಮಾತ್ರ ಸಾಧ್ಯ. ಅದರ ಬಗ್ಗೆ ಕೆಳಗೆ ಬೇರೆ ಪ್ರಶ್ನೆಗಳೇ ಇವೆ.

ಪ್ರಶ್ನೆ: ಲೀ ಆಟ್‌ವಾಟರ್ ಅವರ ಧ್ವನಿಮುದ್ರಣ ಇದೆಯಲ್ಲ? ಎಲ್ಲವೂ ವರ್ಣಭೇದವನ್ನು ಮರೆಮಾಚಿ ಹೇಳುವ ಸಂಕೇತ ಭಾಷೆ ಎಂದು ಅವರೇ ಒಪ್ಪಿಕೊಂಡ ಮೇಲೆ ಚರ್ಚೆ ಮುಗಿದಂತಲ್ಲವೇ?

ಆಟ್‌ವಾಟರ್ ರಿಪಬ್ಲಿಕನ್ ಚುನಾವಣಾ ತಂತ್ರಗಾರ. 1981ರಲ್ಲಿ ರಾಜ್ಯಶಾಸ್ತ್ರಜ್ಞ ಅಲೆಕ್ಸಾಂಡರ್ ಲ್ಯಾಮಿಸ್ ಅವರಿಗೆ ಕೊಟ್ಟ ಸಂದರ್ಶನದಲ್ಲಿ, 1954ರಲ್ಲಿ ಕಪ್ಪು ವರ್ಣೀಯರನ್ನು ಹೀನ ಪದದಿಂದ ನೇರವಾಗಿ ನಿಂದಿಸಬಹುದಿತ್ತು, 1968ರ ಹೊತ್ತಿಗೆ ಅದು ತಿರುಗುಬಾಣವಾಗತೊಡಗಿತು, ಆಗ ರಾಜ್ಯಗಳ ಹಕ್ಕು, ಬಿಳಿಯ, ಕಪ್ಪು ಮಕ್ಕಳು ಬೆರೆಯಲೆಂದು ಅವರನ್ನು ದೂರದ ಶಾಲೆಗೆ ಬಸ್ಸಿನಲ್ಲಿ ಕಳಿಸುವ ವಿಷಯ ಎಂದು ಮಾತು ಬದಲಾಯಿತು, ಕೊನೆಗೆ ತೆರಿಗೆ ಕಡಿತದಂಥ ಶುದ್ಧ ಆರ್ಥಿಕ ಮಾತಿಗೆ ಬಂದು ನಿಂತಿತು ಎಂದು ವಿವರಿಸಿದರು. ಪೂರ್ತಿ ಧ್ವನಿಮುದ್ರಣ 2012ರಲ್ಲಿ ಸಾರ್ವಜನಿಕವಾಯಿತು.

ಇದು ಭಾರವಾದ ಸಾಕ್ಷ್ಯ. ಆದರೆ ಯಾವುದಕ್ಕೆ ಸಾಕ್ಷ್ಯ ಎಂಬುದನ್ನು ಸರಿಯಾಗಿ ಹಿಡಿಯಬೇಕು. ಪೂರ್ತಿ ಮುದ್ರಣ ಕೇಳಿದರೆ ಆಟ್‌ವಾಟರ್ ಮಂಡಿಸುತ್ತಿರುವ ವಾದ ಬೇರೆಯೇ ಇದೆ. ಮಾತು ಇಷ್ಟು ಅಮೂರ್ತವಾದ ಮೇಲೆ ಜನಾಂಗದ ಪ್ರಶ್ನೆ ಹಿಂದೆ ಸರಿಯುತ್ತದೆ, 1980ರ ರೇಗನ್ ಪ್ರಚಾರ ನಿಂತದ್ದು ಅರ್ಥವ್ಯವಸ್ಥೆ ಮತ್ತು ರಕ್ಷಣೆಯ ಮೇಲೆ ಎಂದು ಅವರು ಸಾಧಿಸಲು ಹೊರಟಿದ್ದರು. ಆ ವಾದ ನಮಗೆ ಒಪ್ಪಿಗೆಯಾಗುವುದಿಲ್ಲ. ಮಾತು ಹಗುರವಾಯಿತೆಂದ ಮಾತ್ರಕ್ಕೆ ಕಪ್ಪು ವರ್ಣೀಯರಿಗೆ ಬೀಳುವ ಪೆಟ್ಟು ಹಗುರವಾಗುವುದಿಲ್ಲ. ಆದರೂ ಅದನ್ನು ಕತ್ತರಿಸಿ ಹಾಕಿ ಉಳಿದದ್ದನ್ನು “ತಪ್ಪೊಪ್ಪಿಗೆ” ಎಂದು ಕೇಳಿಸುವುದು, ಫ್ರೈಯರ್ ಅಧ್ಯಯನದ ಅರ್ಧವನ್ನು ಹೇಳಿದಷ್ಟೇ ತಪ್ಪು.

ಇನ್ನೊಂದು ಮಾತು. ತಂತ್ರಗಾರನ ಕೆಲಸ ಮತ ಕೂಡಿಸುವುದು. ಅವನು ಕಟ್ಟಿದ ಘೋಷಣೆಯನ್ನು ಕೇಳಿ, ನಿಜಕ್ಕೂ ತೆರಿಗೆ ಹೆಚ್ಚಾಯಿತೆಂದೇ ನಂಬಿ ಬರೆದ ಅಂಕಣಕಾರನ ಮನಸ್ಸಿಗೆ ಆ ಮುದ್ರಣ ಸಾಕ್ಷಿಯಾಗುವುದಿಲ್ಲ. ಘೋಷಣೆ ಹುಟ್ಟಿದ ಜಾಗದಲ್ಲಿ ಕಪಟವಿದ್ದು, ಹರಡಿದ ಜಾಗದಲ್ಲಿ ಪೂರ್ಣ ನಂಬಿಕೆ ಇರಬಹುದು. ಈ ವಿಷಯದ ಅತಿ ಕಷ್ಟದ ಭಾಗ ಇದೇ.

ಈಚಿನ ಉದಾಹರಣೆ ಕನ್ಸರ್ವೇಟಿವ್ ಕಾರ್ಯಕರ್ತ ಕ್ರಿಸ್ಟೋಫರ್ ರೂಫೊ ಅವರದು. ‘ಕ್ರಿಟಿಕಲ್ ರೇಸ್ ಥಿಯರಿ’ ಎಂಬುದು ವರ್ಣಭೇದ ಕಾನೂನು, ಸಂಸ್ಥೆಗಳಲ್ಲೇ ಬೇರೂರಿದೆ ಎನ್ನುವ, ಮೂಲತಃ ಕಾನೂನು ಕಾಲೇಜುಗಳಲ್ಲಿ ಬೆಳೆದ ಒಂದು ಚಿಂತನೆ. ಜನರು ಪತ್ರಿಕೆಯಲ್ಲಿ ಏನಾದರೂ ವಿಪರೀತದ ಸುದ್ದಿ ಓದಿದರೆ ಕೂಡಲೇ ಈ ಹೆಸರೇ ನೆನಪಾಗಬೇಕು, ಅದೇ ನಮ್ಮ ಗುರಿ ಎಂದು ರೂಫೊ 2021ರ ಮಾರ್ಚ್‌ನಲ್ಲಿ ಟ್ವಿಟರ್‌ನಲ್ಲಿ ಬಹಿರಂಗವಾಗಿಯೇ ಬರೆದರು. ಪದವನ್ನು ಬೇಕೆಂದೇ ಹಿಗ್ಗಿಸಲಾಯಿತು ಎಂಬುದಕ್ಕೆ ಇದಕ್ಕಿಂತ ಸ್ಪಷ್ಟ ಪುರಾವೆ ಬೇಡ. ಆದರೆ ಶಾಲೆಗಳಲ್ಲಿ ನಡೆಯುತ್ತಿದ್ದ ಕೆಲವು ತರಬೇತಿಗಳನ್ನು ರೂಫೊ ನಿಜವಾಗಿಯೇ ವಿರೋಧಿಸುತ್ತಿದ್ದರು ಎಂಬುದೂ ಅಷ್ಟೇ ಸ್ಪಷ್ಟ. ತಂತ್ರವೂ ನಂಬಿಕೆಯೂ ಒಂದೇ ಮನೆಯಲ್ಲಿ ವಾಸ ಮಾಡುತ್ತವೆ.

ಪ್ರಶ್ನೆ: ಫಾಕ್ಸ್ ನ್ಯೂಸ್ ನಿರೂಪಕರು ತಾವು ಹೇಳುವುದನ್ನು ತಾವೇ ನಂಬುವುದಿಲ್ಲವೆಂದು ಕೋರ್ಟಿನಲ್ಲಿ ಸಾಬೀತಾಗಿದೆ ಎನ್ನುತ್ತಾರೆ. ಎಷ್ಟು ನಿಜ?

ಇಲ್ಲಿ ಎರಡು ಬೇರೆ ಪ್ರಕರಣಗಳು ಜನರ ಬಾಯಲ್ಲಿ ಕಲಸಿಹೋಗಿವೆ.

ಮೊದಲನೆಯದು 2020ರ ಸೆಪ್ಟೆಂಬರ್‌ನದು. ಮಾಜಿ ರೂಪದರ್ಶಿ ಕ್ಯಾರೆನ್ ಮ್ಯಾಕ್‌ಡೂಗಲ್ ಫಾಕ್ಸ್ ಮೇಲೆ ಹೂಡಿದ ಮಾನನಷ್ಟ ಮೊಕದ್ದಮೆಯನ್ನು ನ್ಯೂಯಾರ್ಕ್‌ನ ಫೆಡರಲ್ ನ್ಯಾಯಾಧೀಶರು ವಜಾ ಮಾಡಿದರು. ಆಗ ಫಾಕ್ಸ್ ನಿರೂಪಕರಾಗಿದ್ದ ಟಕರ್ ಕಾರ್ಲ್‌ಸನ್ ಅವರ ಕಾರ್ಯಕ್ರಮದ ಧಾಟಿ ಗಮನಿಸಿದರೆ, ಅಲ್ಲಿ ಅವರು ಆಡಿದ ಮಾತನ್ನು ವಿವೇಕವುಳ್ಳ ವೀಕ್ಷಕ ಅಕ್ಷರಶಃ ವಾಸ್ತವಾಂಶವೆಂದು ತೆಗೆದುಕೊಳ್ಳುವುದಿಲ್ಲ ಎಂಬ ಫಾಕ್ಸ್ ವಕೀಲರ ವಾದವನ್ನು ಒಪ್ಪಿದರು. ಇದು ಮಾನನಷ್ಟ ಕಾನೂನಿನ ಒಂದು ಅಳತೆಗೋಲು. ಉತ್ಪ್ರೇಕ್ಷೆಗೆ, ಅಭಿಪ್ರಾಯಕ್ಕೆ ಅಮೆರಿಕದ ಕಾನೂನು ರಕ್ಷಣೆ ಕೊಡುತ್ತದೆ. “ನಾನು ನಂಬದೇ ಹೇಳಿದೆ” ಎಂಬ ಒಪ್ಪಿಗೆ ಅದರಲ್ಲಿಲ್ಲ.

ಎರಡನೆಯದು ಮತಯಂತ್ರ ತಯಾರಿಸುವ ಡೊಮಿನಿಯನ್ ಕಂಪನಿಯ ಮೊಕದ್ದಮೆ. 2023ರ ಏಪ್ರಿಲ್ 18ರಂದು ಫಾಕ್ಸ್ 78.75 ಕೋಟಿ ಡಾಲರ್ ಕೊಟ್ಟು ರಾಜಿ ಮಾಡಿಕೊಂಡಿತು. ಅದಕ್ಕೆ ಮೊದಲು ಬಯಲಾದ ಒಳಸಂದೇಶಗಳಲ್ಲಿ, 2020ರ ಚುನಾವಣೆಯಲ್ಲಿ ಮೋಸವಾಯಿತೆಂಬ ಕತೆಯನ್ನು ಹಲವು ನಿರೂಪಕರು ಖಾಸಗಿಯಾಗಿ ನಂಬಿರಲಿಲ್ಲ, ವೀಕ್ಷಕರು ಬೇರೆ ಚಾನೆಲ್‌ಗೆ ಹೋದಾರೆಂದು ಹೆದರಿದ್ದರು ಎಂಬುದು ಕಾಣಿಸಿತು. ಗಮನಿಸಿ, ಅದು ಚುನಾವಣೆಯ ಕುರಿತು, ವರ್ಣಭೇದದ ಕುರಿತಲ್ಲ. ಒಂದು ವಿಷಯದಲ್ಲಿ ಕಪಟವಾಡಿದವರು ಇನ್ನೊಂದರಲ್ಲೂ ಆಡಿರುತ್ತಾರೆ ಎಂದು ಅನುಮಾನಿಸಬಹುದು, ಸಾಬೀತಾಯಿತು ಎನ್ನಲಾಗದು. ಆದರೆ ಅದು ತೋರಿಸಿದ ಒಂದು ಸಂಗತಿ ನಮಗೆ ಬೇಕಾದದ್ದು: ಪ್ರೇಕ್ಷಕರು ಕೈಬಿಟ್ಟಾರೆಂಬ ಭಯ ಬಾಯಿಯ ಮಾತನ್ನು ತಿರುಗಿಸಬಲ್ಲದು.

ವರ್ಣದ ವಿಷಯಕ್ಕೆ ನೇರವಾಗಿ ತಾಗುವ ಒಂದು ಸಂದೇಶ ಅದೇ ಮೊಕದ್ದಮೆಯ ಕಡತಗಳಲ್ಲಿತ್ತು. 2021ರ ಜನವರಿ 7ರಂದು ಕಾರ್ಲ್‌ಸನ್ ತಮ್ಮ ತಂಡದ ಒಬ್ಬರಿಗೆ ಕಳಿಸಿದ್ದು. ಟ್ರಂಪ್ ಬೆಂಬಲಿಗರ ಗುಂಪೊಂದು ಒಬ್ಬ ಹುಡುಗನನ್ನು ಹೊಡೆಯುವ ವಿಡಿಯೊ ನೋಡಿದ್ದನ್ನು ವಿವರಿಸುತ್ತ, ಬಿಳಿಯ ಗಂಡಸರು ಹೊಡೆದಾಡುವ ರೀತಿ ಇದಲ್ಲ ಎಂದು ಅವರು ಬರೆದಿದ್ದರು. 2023ರ ಮೇ ತಿಂಗಳಲ್ಲಿ ಅದು ಪತ್ರಿಕೆಗಳಲ್ಲಿ ಬಂತು. ನಡತೆಯನ್ನು ಚರ್ಮದ ಬಣ್ಣಕ್ಕೆ ಕಟ್ಟಿಹಾಕುವ ಆ ಒಂದು ವಾಕ್ಯ, ಬಣ್ಣ ಮುಖ್ಯವಲ್ಲ ಎಂಬ ಸಾರ್ವಜನಿಕ ಮಾತಿಗೆ ಹೊಂದುವುದಿಲ್ಲ. ಅದೇ ಸಂದೇಶದ ಉಳಿದ ಭಾಗದಲ್ಲಿ, ಆ ಹುಡುಗನಿಗೆ ಪೆಟ್ಟು ಬೀಳಲಿ ಎಂದು ತಮಗೆ ಅನ್ನಿಸಿದ್ದಕ್ಕೆ ಅವರು ತಮ್ಮನ್ನೇ ಗದರಿಕೊಂಡಿದ್ದಾರೆ, ಅವನೂ ಮನುಷ್ಯ ಎಂದಿದ್ದಾರೆ. ಎರಡನ್ನೂ ಓದಿದ ಮೇಲೆ ನಮಗೆ ಕಾಣುವುದು ವೇಷ ಕಳಚಿದ ಕಪಟಿಯಲ್ಲ. ತನ್ನೊಳಗೆ ಏನಿದೆ ಎಂದು ತಾನೇ ಪೂರ್ತಿ ನೋಡಿಕೊಳ್ಳದ ಮನುಷ್ಯ. ಸುಳ್ಳಾಡುವವರಿಗಿಂತ ಇಂಥವರೇ ಹೆಚ್ಚು. ಆದ್ದರಿಂದಲೇ “ಪ್ರಾಮಾಣಿಕರೋ ಅಲ್ಲವೋ” ಎಂದು ಹೌದು-ಅಲ್ಲಗಳಲ್ಲಿ ಕೇಳಿದರೆ ಉತ್ತರ ದಕ್ಕುವುದಿಲ್ಲ.

ಪ್ರಶ್ನೆ: ಕಪ್ಪು ವರ್ಣೀಯರೇ ಆಗಿರುವ ಕನ್ಸರ್ವೇಟಿವರನ್ನು ಬಿಳಿಯರು ಮುಂದೆ ನಿಲ್ಲಿಸಿಕೊಂಡಿದ್ದಾರೆ ಎಂಬ ಆರೋಪದಲ್ಲಿ ಹುರುಳಿದೆಯೇ?

ಆ ಆರೋಪ ಅವಮಾನಕರವಾದದ್ದು, ಬಹುಮಟ್ಟಿಗೆ ಆಧಾರವಿಲ್ಲದ್ದು ಕೂಡ. 1930ರಲ್ಲಿ ಹುಟ್ಟಿದ ಅರ್ಥಶಾಸ್ತ್ರಜ್ಞ ಥಾಮಸ್ ಸೋವೆಲ್ ಅರ್ಧ ಶತಮಾನ ಒಂದೇ ವಾದವನ್ನು ಬೆಳೆಸಿಕೊಂಡು ಬಂದರು: ಗುಂಪುಗಳ ನಡುವಿನ ಅಂತರ ಎಲ್ಲ ದೇಶಗಳಲ್ಲೂ ಇದೆ, ಅಂತರ ಕಂಡಲ್ಲೆಲ್ಲ ತಾರತಮ್ಯವೇ ಕಾರಣ ಎನ್ನಲಾಗದು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ವ್ಯಾಖ್ಯಾನಕಾರರಲ್ಲ, ಆದರೂ ಹೋಲಿಕೆಗೆ ತೆಗೆದುಕೊಳ್ಳಬಹುದು. ಬಣ್ಣ ನೋಡಿ ಮಾಡುವ ಸಹಾಯವೂ ಅವಮಾನವೇ ಎಂದು 1995ರಲ್ಲಿ, 2003ರಲ್ಲಿ, ಕೊನೆಗೆ ಪ್ರವೇಶದಲ್ಲಿ ಜನಾಂಗ ಪರಿಗಣಿಸುವುದನ್ನು ಸುಪ್ರೀಂ ಕೋರ್ಟ್ ರದ್ದು ಮಾಡಿದ 2023ರ ಜೂನ್ 29ರ ತೀರ್ಪಿನಲ್ಲಿ ಬರೆದರು. 28 ವರ್ಷ ಮಾತು ಬದಲಾಗಿಲ್ಲ. ಇವರ ವಾದ ತಪ್ಪಿರಬಹುದು. ಸೋವೆಲ್ ಅವರು ಇಂದಿನ ತಾರತಮ್ಯವನ್ನು ಕಡಿಮೆ ಅಂದಾಜು ಮಾಡುತ್ತಾರೆ ಎಂದೇ ನಮಗನ್ನಿಸುತ್ತದೆ. ಆದರೆ ಬೇರೆಯವರ ಬಾಯಾಗಿ ಮಾತನಾಡುವವರ ಲಕ್ಷಣ ಇದಲ್ಲ.

1995ರಲ್ಲಿ ಅಮೆರಿಕನ್ ಎಂಟರ್‌ಪ್ರೈಸ್ ಇನ್‌ಸ್ಟಿಟ್ಯೂಟ್ ಎಂಬ ಕನ್ಸರ್ವೇಟಿವ್ ಚಿಂತನ ಸಂಸ್ಥೆಯ ದಿನೇಶ್ ಡಿಸೋಜಾ ಜನಾಂಗಗಳ ಬಗ್ಗೆ ಒಂದು ಪುಸ್ತಕ ಬರೆದಾಗ, ಅದು ಕಪ್ಪು ವರ್ಣೀಯರನ್ನು ಕೀಳಾಗಿ ಕಾಣುತ್ತದೆಂದು ಪ್ರತಿಭಟಿಸಿ ಅರ್ಥಶಾಸ್ತ್ರಜ್ಞ ಗ್ಲೆನ್ ಲೌರಿ ಮತ್ತು ಸಮುದಾಯ ಸಂಘಟಕ ರಾಬರ್ಟ್ ವುಡ್ಸನ್ ಆ ಸಂಸ್ಥೆಯೊಂದಿಗಿನ ಸಂಬಂಧ ಕಡಿದುಕೊಂಡರು. ಇಬ್ಬರೂ ಕಪ್ಪು ವರ್ಣೀಯ ಕನ್ಸರ್ವೇಟಿವರೇ. ಮೇಲೆ ಹೇಳಿದ ಬೆಲೆಯ ಪರೀಕ್ಷೆಗೆ ಇದಕ್ಕಿಂತ ನೇರವಾದ ಉದಾಹರಣೆ ಸಿಗುವುದು ಕಷ್ಟ.

ಆದರೆ ಒಂದು ಬೇರೆ ಪ್ರಶ್ನೆ ಉಳಿಯುತ್ತದೆ: ನೂರು ದನಿಗಳಲ್ಲಿ ಇವರ ದನಿಗೇ ಮೈಕು ಏಕೆ ಸಿಗುತ್ತದೆ? ಅದು ಮಾತನಾಡುವವರ ಪ್ರಾಮಾಣಿಕತೆಯ ಪ್ರಶ್ನೆಯಲ್ಲ, ಮೈಕು ಹಿಡಿದು ನಿಲ್ಲಿಸುವವರದು.

ಪ್ರಶ್ನೆ: ಕನ್ಸರ್ವೇಟಿವರಲ್ಲಿ ‘ಜನಾಂಗೀಯ ಅಸಮಾಧಾನ’ ಹೆಚ್ಚು ಎಂದು ಸಮೀಕ್ಷೆಗಳೇ ಹೇಳುತ್ತವಲ್ಲ?

ಆ ಅಳತೆಗೋಲಿನಲ್ಲಿ ನಾಲ್ಕು ವಾಕ್ಯಗಳಿರುತ್ತವೆ, ಒಪ್ಪುತ್ತೀರಾ ಇಲ್ಲವೇ ಎಂದು ಕೇಳುತ್ತಾರೆ. ಐರಿಷರು, ಇಟಾಲಿಯನ್ನರು, ಯಹೂದಿಗಳು ಪೂರ್ವಗ್ರಹವನ್ನು ಮೀರಿ ದುಡಿದು ಮೇಲೆ ಬಂದರು, ಕಪ್ಪು ವರ್ಣೀಯರೂ ವಿಶೇಷ ಸವಲತ್ತಿಲ್ಲದೆ ಹಾಗೆಯೇ ಬರಬೇಕು ಎಂಬುದು ಅವುಗಳಲ್ಲೊಂದು. ತೊಂದರೆ ಏನೆಂದರೆ, ಯಾರಿಗೂ ಸರ್ಕಾರದ ಸಹಾಯ ಬೇಡ ಎನ್ನುವವನೂ “ಒಪ್ಪುತ್ತೇನೆ” ಎನ್ನುತ್ತಾನೆ, ಕಪ್ಪು ವರ್ಣೀಯರನ್ನು ಕಂಡರಾಗದವನೂ ಅದನ್ನೇ ಎನ್ನುತ್ತಾನೆ. ರೈಲಿ ಕಾರ್ನಿ ಮತ್ತು ರಯಾನ್ ಈನೋಸ್ ಎಂಬ ಸಂಶೋಧಕರು ವಾಕ್ಯಗಳಲ್ಲಿ ಕಪ್ಪು ವರ್ಣೀಯರ ಬದಲು ಲಿಥುವೇನಿಯನ್ನರಂಥ ಬೇರೆ ಗುಂಪುಗಳ ಹೆಸರಿಟ್ಟು ಕೇಳಿದರು. ಕನ್ಸರ್ವೇಟಿವರ ಉತ್ತರ ಹೆಚ್ಚುಕಡಿಮೆ ಅಷ್ಟೇ ಇತ್ತು, ಲಿಬರಲ್‌ಗಳ ಉತ್ತರ ಗುಂಪಿಗೆ ತಕ್ಕಂತೆ ಬದಲಾಯಿತು. ಅಂದರೆ ಆ ಅಂಕ ಬಹುಪಾಲು ಅಳೆಯುವುದು “ದುಡಿದವನಿಗೆ ದಕ್ಕುತ್ತದೆ” ಎಂಬ ನಂಬಿಕೆಯನ್ನು. ಹಾಗೆಂದು ದ್ವೇಷ ಇಲ್ಲವೆಂದು ಇದರಿಂದ ತೀರ್ಮಾನಿಸಬೇಡಿ. ಲಿಥುವೇನಿಯನ್ನರನ್ನು ಅಮೆರಿಕದಲ್ಲಿ ಯಾರೂ ಸಂತೆಯಲ್ಲಿ ಮಾರಿರಲಿಲ್ಲ. ಇಬ್ಬರಿಗೂ ಒಂದೇ ಉತ್ತರ ಕೊಡುವವರು ಇತಿಹಾಸವನ್ನು ಲೆಕ್ಕಕ್ಕೆ ಹಿಡಿಯುತ್ತಿಲ್ಲ ಎಂಬ ಟೀಕೆ ಹಾಗೆಯೇ ನಿಲ್ಲುತ್ತದೆ.

ಪ್ರಶ್ನೆ: ಮಾರ್ಟಿನ್ ಲೂಥರ್ ಕಿಂಗ್ ಹೆಸರು ಹೇಳಿ ಮೀಸಲು ಸವಲತ್ತುಗಳನ್ನು ವಿರೋಧಿಸುವುದು ಪ್ರಾಮಾಣಿಕವೇ?

ತತ್ವವನ್ನು ಮೆಚ್ಚುವುದು ಪ್ರಾಮಾಣಿಕವಿರಬಹುದು. ಕಿಂಗ್ ತಮ್ಮ ನಿಲುವಿನ ಪರವಾಗಿದ್ದರು ಎಂಬುದು ಸರಿಯಲ್ಲ. ಚರ್ಮದ ಬಣ್ಣದಿಂದ ಅಳೆಯದೆ ಗುಣದಿಂದ ಅಳೆಯಿರಿ ಎಂಬ ಆಶಯದ ಮಾತು 1963ರ ಆಗಸ್ಟ್ 28ರ ಭಾಷಣದ್ದು. ಶತಮಾನಗಳ ಅನ್ಯಾಯಕ್ಕೆ ಪರಿಹಾರವಾಗಿ ಸರ್ಕಾರ ವಿಶೇಷ ಕಾರ್ಯಕ್ರಮ ಹಾಕಿಕೊಳ್ಳಬೇಕು, ಬಡ ಬಿಳಿಯರೂ ಅದರಲ್ಲಿ ಸೇರಬೇಕು ಎಂದು ಅದೇ ಕಿಂಗ್ 1964ರಲ್ಲಿ ಬರೆದರು. 1965ರಲ್ಲಿ ಪ್ರಕಟವಾದ ಸಂದರ್ಶನದಲ್ಲಿ ಹತ್ತು ವರ್ಷಕ್ಕೆ 5,000 ಕೋಟಿ ಡಾಲರ್ ಎಂದು ಮೊತ್ತವನ್ನೂ ಹೇಳಿದರು. ಒಂದು ವಾಕ್ಯ ಗೊತ್ತಿದ್ದು ಇವು ಗೊತ್ತಿಲ್ಲದವರಿಗೆ ತಿಳಿಸಿ. ಗೊತ್ತಿದ್ದೂ ಮರೆಮಾಚುವವರನ್ನು ನಂಬಬೇಡಿ. “ಕಿಂಗ್ ಈ ವಿಷಯದಲ್ಲಿ ತಪ್ಪು, ಆ ವಾಕ್ಯದಲ್ಲಿ ಸರಿ” ಎಂದು ನೇರವಾಗಿ ಹೇಳುವ ಕನ್ಸರ್ವೇಟಿವರಿಗೆ ನಮ್ಮ ಗೌರವವಿದೆ.

ಪ್ರಶ್ನೆ: ಇವರಲ್ಲಿ ಯಾರಾದರೂ ಮನಸ್ಸು ಬದಲಿಸಿದ್ದುಂಟೇ?

ಉಂಟು. ಆಧುನಿಕ ಕನ್ಸರ್ವೇಟಿವ್ ಪತ್ರಿಕೋದ್ಯಮವನ್ನು ಕಟ್ಟಿದ ವಿಲಿಯಂ ಎಫ್. ಬಕ್ಲಿ ಅವರ ‘ನ್ಯಾಷನಲ್ ರಿವ್ಯೂ’ 1957ರ ಆಗಸ್ಟ್ 24ರ ಸಂಪಾದಕೀಯದಲ್ಲಿ, ದಕ್ಷಿಣದ ಬಿಳಿಯರು ಸಂಖ್ಯೆಯಲ್ಲಿ ಕಡಿಮೆಯಿರುವ ಕಡೆಯೂ ಮೇಲುಗೈ ಉಳಿಸಿಕೊಳ್ಳಲು ಅರ್ಹರು, ಸದ್ಯಕ್ಕೆ ಅವರೇ ಮುಂದುವರಿದ ಜನಾಂಗ ಎಂದು ಬರೆಯಿತು. ಓದಿದರೆ ಇವತ್ತಿಗೂ ಮೈ ಉರಿಯುತ್ತದೆ. ಅದರಲ್ಲಿ ಸಂಕೇತ ಭಾಷೆಯಿಲ್ಲ, ಮುಚ್ಚುಮರೆಯಿಲ್ಲ. ಪೂರ್ತಿ ಪ್ರಾಮಾಣಿಕ, ಪೂರ್ತಿ ಅನ್ಯಾಯ. ಕೆಲವೇ ದಿನಗಳಲ್ಲಿ ಅದೇ ಪತ್ರಿಕೆಯಲ್ಲಿ ಬಕ್ಲಿಯವರ ತಂಗಿಯ ಗಂಡ ಬ್ರೆಂಟ್ ಬೋಜೆಲ್, ಸಂವಿಧಾನದ ಹದಿನೈದನೆಯ ತಿದ್ದುಪಡಿ ಕಪ್ಪು ವರ್ಣೀಯರಿಗೂ ಮತದಾನದ ಹಕ್ಕು ಕೊಟ್ಟಿರುವಾಗ ಹೀಗೆ ಬರೆಯುವುದು ಕಾನೂನಿಗೇ ವಿರುದ್ಧ ಎಂದು ಖಂಡಿಸಿದರು. 2004ರಲ್ಲಿ, ಯಾವುದಾದರೂ ನಿಲುವಿನ ಬಗ್ಗೆ ವಿಷಾದವಿದೆಯೇ ಎಂದು ಕೇಳಿದಾಗ, ಬಿಳಿಯರನ್ನೂ ಕಪ್ಪು ವರ್ಣೀಯರನ್ನೂ ಪ್ರತ್ಯೇಕವಾಗಿಡುವ ವ್ಯವಸ್ಥೆ ತಾನಾಗಿ ಸವೆದುಹೋಗುತ್ತದೆಂದು ನಂಬಿದ್ದೆ, ಅದು ತಪ್ಪಾಗಿತ್ತು, ಕೇಂದ್ರ ಸರ್ಕಾರದ ಮಧ್ಯಪ್ರವೇಶ ಬೇಕಿತ್ತು ಎಂದು ಬಕ್ಲಿ ಒಪ್ಪಿಕೊಂಡರು. 47 ವರ್ಷ ಹಿಡಿಯಿತು.

ಪಕ್ಷದ ಮಟ್ಟದಲ್ಲಿ, ರಿಪಬ್ಲಿಕನ್ ರಾಷ್ಟ್ರೀಯ ಸಮಿತಿಯ ಅಧ್ಯಕ್ಷ ಕೆನ್ ಮೆಲ್ಮನ್ 2005ರ ಜುಲೈನಲ್ಲಿ ಮಿಲ್ವಾಕಿಯಲ್ಲಿ ಕಪ್ಪು ವರ್ಣೀಯರ ಹಕ್ಕುಗಳ ಸಂಘಟನೆಯ ಸಮಾವೇಶಕ್ಕೇ ಹೋಗಿ, ಜನಾಂಗೀಯ ಒಡಕಿನಿಂದ ರಾಜಕೀಯ ಲಾಭ ಪಡೆಯಲು ನಮ್ಮ ಕೆಲವರು ಯತ್ನಿಸಿದರು, ಅದು ತಪ್ಪು ಎಂದರು. ವ್ಯಾಖ್ಯಾನಕಾರ ಮ್ಯಾಕ್ಸ್ ಬೂಟ್, ತಾವು ಬಿಳಿಯರಾಗಿದ್ದರಿಂದ ಏನೇನು ಕಾಣದೆ ಹೋಯಿತು ಎಂದು 2017ರ ಕೊನೆಯಲ್ಲಿ ಬರೆದು, ಮರುವರ್ಷ ಪಕ್ಷ ಬಿಟ್ಟು ಹೊರನಡೆದಿದ್ದನ್ನು ಸಾರಿದರು. ಲೌರಿ ಬಲದಿಂದ ಎಡಕ್ಕೆ ಹೋಗಿ ಮತ್ತೆ ಬಲಕ್ಕೆ ಬಂದರು, ಪ್ರತಿ ಸಲವೂ ಕಾರಣ ವಿವರಿಸಿದರು. ತಿರುಗಿದ ದಿಕ್ಕಿಗಿಂತ ಕಾರಣ ಕೊಟ್ಟರೋ ಇಲ್ಲವೋ ಎಂಬುದನ್ನು ನಾವು ನೋಡುತ್ತೇವೆ.

ಪ್ರಶ್ನೆ: ಲಿಬರಲ್‌ಗಳೇನು ಸಾಚಾಗಳೇ?

ಅದೇ ಪರೀಕ್ಷೆಗಳು ಅವರಿಗೂ. 2020ರ ನವೆಂಬರ್‌ನಲ್ಲಿ ಕ್ಯಾಲಿಫೋರ್ನಿಯಾದ ಜನ ಬೈಡನ್ ಅವರನ್ನು ಭಾರೀ ಅಂತರದಿಂದ ಗೆಲ್ಲಿಸಿದರು. ಅದೇ ದಿನ, ಸರ್ಕಾರಿ ಸಂಸ್ಥೆಗಳ ನೇಮಕ ಮತ್ತು ಪ್ರವೇಶದಲ್ಲಿ ಜನಾಂಗವನ್ನು ಮತ್ತೆ ಪರಿಗಣಿಸಲು ಅವಕಾಶ ಕೊಡುವ 16ನೆಯ ಪ್ರಸ್ತಾವವನ್ನು ಶೇ 57ರಷ್ಟು ಮತಗಳಿಂದ ಸೋಲಿಸಿದರು. ಅಂಗಳದಲ್ಲಿ ಸಮಾನತೆಯ ಫಲಕ ನೆಟ್ಟು, ಪಕ್ಕದಲ್ಲಿ ಅಗ್ಗದ ಬಾಡಿಗೆ ವಸತಿ ಬರದಂತೆ ತಡೆಯುವ ಶ್ರೀಮಂತ ಬಡಾವಣೆಗಳು ಲಿಬರಲ್ ನಗರಗಳಲ್ಲೂ ಇವೆ.

ಪ್ರಶ್ನೆ: ಇಂಥ ಕಾರ್ಯಕ್ರಮಗಳನ್ನೇ ಕೇಳುವ ಸಹೋದ್ಯೋಗಿಯ ಜೊತೆ ಮಾತು ಜಗಳಕ್ಕೆ ತಿರುಗುತ್ತದೆ. ಹೇಗೆ ಮಾತನಾಡಲಿ?

“ನಿಮ್ಮ ನಿರೂಪಕ ಕಪಟಿ” ಎಂದು ಶುರು ಮಾಡಿದರೆ ಅಲ್ಲಿಗೆ ಮುಗಿಯಿತು. ಅದನ್ನು ನೀವು ಸಾಬೀತು ಮಾಡಲಾರಿರಿ, ಮಾಡಿದರೂ ಹೇಳಿದ ಮಾತು ಸುಳ್ಳಾಗುವುದಿಲ್ಲ. ಕಪಟಿಯೂ ನಿಜ ಹೇಳಬಹುದು, ಸಜ್ಜನನೂ ತಪ್ಪು ನಂಬಿರಬಹುದು. ವರ್ಣಭೇದ ಎಂಬ ಪದವನ್ನೂ ಸದ್ಯಕ್ಕೆ ಪಕ್ಕಕ್ಕಿಡಿ. ಅಳೆಯಬಹುದಾದ ಒಂದೇ ಒಂದು ಹೇಳಿಕೆಯನ್ನು ಹಿಡಿದುಕೊಳ್ಳಿ, ಉದಾಹರಣೆಗೆ “ಕೆಲಸ ಕೊಡುವವರು ಈಗ ಬಣ್ಣ ನೋಡುವುದಿಲ್ಲ” ಎಂಬುದು.

ಸಮಾಜಶಾಸ್ತ್ರಜ್ಞೆ ಡಿವಾ ಪೇಜರ್ 2001ರಲ್ಲಿ ಮಿಲ್ವಾಕಿಯಲ್ಲಿ ನಡೆಸಿದ ಪ್ರಯೋಗವನ್ನು ಅವರ ಮುಂದಿಡಿ. ಫಲಿತಾಂಶವನ್ನು ಮೊದಲೇ ಹೇಳಬೇಡಿ. ಓದು, ಅನುಭವ ಒಂದೇ ತೆರನಾಗಿ ಬರೆದುಕೊಂಡ ಯುವಕರು ಒಟ್ಟು 350 ಕಡೆ ಕೆಳಹಂತದ ಕೆಲಸಕ್ಕೆ ಅರ್ಜಿ ಹಾಕಿದರು. ಇಬ್ಬರು ಬಿಳಿಯರು, ಇಬ್ಬರು ಕಪ್ಪು ವರ್ಣೀಯರು. ಪ್ರತಿ ಜೋಡಿಯಲ್ಲಿ ಒಬ್ಬ, ಸರದಿಯಂತೆ, ಮಾದಕವಸ್ತು ಅಪರಾಧಕ್ಕೆ ಜೈಲಿಗೆ ಹೋಗಿ ಬಂದವನೆಂದು ಹೇಳಿಕೊಳ್ಳುತ್ತಿದ್ದ. ನಾಲ್ಕು ಗುಂಪುಗಳಲ್ಲಿ ಶೇಕಡ ಎಷ್ಟು ಜನರಿಗೆ ಮರುಕರೆ ಬಂದಿರಬಹುದು ಎಂದು ಸಹೋದ್ಯೋಗಿಯಿಂದ ಒಂದು ಚೀಟಿಯಲ್ಲಿ ಬರೆಸಿ, ನೀವೂ ಬರೆಯಿರಿ. ಆಮೇಲೆ ಅಂಕಿಗಳನ್ನು ತೋರಿಸಿ: ಜೈಲು ಕಾಣದ ಬಿಳಿಯನಿಗೆ ಶೇ 34, ಜೈಲಿಗೆ ಹೋದ ಬಿಳಿಯನಿಗೆ ಶೇ 17, ಜೈಲು ಕಾಣದ ಕಪ್ಪು ವರ್ಣೀಯನಿಗೆ ಶೇ 14, ಜೈಲಿಗೆ ಹೋದ ಕಪ್ಪು ವರ್ಣೀಯನಿಗೆ ಶೇ 5. ಒಂದೇ ನಗರದ್ದು, ಹಳೆಯದು ಎಂಬ ಆಕ್ಷೇಪ ಬಂದರೆ ಅದು ನ್ಯಾಯವಾದದ್ದು, ಒಪ್ಪಿಕೊಳ್ಳಿ. ಈಚಿನ, ಬೇರೆ ನಗರಗಳ ಇಂಥದೇ ಪ್ರಯೋಗಗಳನ್ನು ಇಬ್ಬರೂ ಸೇರಿ ಹುಡುಕಿ. ಹುಡುಕುವ ಮೊದಲು ಇನ್ನೊಂದು ಚೀಟಿ ಬರೆಸಿ: ಯಾವ ಅಂಕಿ ಬಂದರೆ ನೀವು ನಿಲುವು ಬದಲಿಸುತ್ತೀರಿ? ಆ ಚೀಟಿಯಲ್ಲಿ ನಿಮ್ಮ ಉತ್ತರವೂ ಇರಲಿ.